ಶಿರಾ ಗೇಟಿನ ತಣ್ಣೀರು ಮೀನುಗಳು

ಡಾಕ್ಟರ್ ಲಕ್ಷ್ಮೀನರಸಿಂಹಯ್ಯನವರು ತೊಂಬತ್ತಾರನೇ ಇಸವಿಯಲ್ಲಿ ನಾರ್ವೆ ದೇಶಕ್ಕೆ ಹೋಗಿ ಬಾರದೇ ಇದ್ದಿದ್ದರೆ ಶಾಹೀನ್ ತನ್ನ ಪಾಡಿಗೆ, ಮೀನು ತನ್ನ ಪಾಡಿಗೆ ಇರುತ್ತಿದ್ದವು. ಆದರೆ ಅವರು ಹೋದರು. ತುಮಕೂರಿನ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿದ್ದ ಅವರು ಅಲ್ಲೊಂದು ವಿಚಾರ ಸಂಕಿರಣದಲ್ಲಿ ಕೂತು, ಹೊತ್ತು ಹೊತ್ತಿಗೂ ಟ್ರೌಟ್ ಎಂಬ ಮೀನು ತಿಂದು, ಬರುವಾಗ ಒಂದು ಉಣ್ಣೆ ಟೋಪಿಯನ್ನೂ ಒಂದು ಜೀವನದರ್ಶನವನ್ನೂ ತಂದರು. ಟೋಪಿಯನ್ನು ತುಮಕೂರಿನ ಬಿಸಿಲಿನಲ್ಲಿ ಹಾಕಿಕೊಳ್ಳುವುದು ಆಗಲಿಲ್ಲ. ದರ್ಶನವನ್ನು ಮಾತ್ರ ವಿದ್ಯಾರ್ಥಿಗಳ ತಲೆಗೆ ಹಾಕಿದರು. ಅದರ ತಿರುಳು ಇಷ್ಟೇ: ವಿಜ್ಞಾನಕ್ಕೆ ಯೋಗ್ಯವಾದ ಮೀನು ತಣ್ಣೀರಿನಲ್ಲಿ ಮಾತ್ರ ಇರುತ್ತದೆ. ಕಾಟ್ಲಾ, ರೋಹು, ಜಿಲೇಬಿ ಮೀನು ಎಂದರೆ ಅವರಿಗೆ ಆಮೇಲಿಂದ ಹಳ್ಳಿಯ ಬಡ ನೆಂಟರನ್ನು ಕಂಡಷ್ಟು ಸಂಕೋಚ.

ಶಾಹೀನ್ ಎಂಎಸ್ಸಿ ಮುಗಿಸಿ ಪಿಎಚ್‌ಡಿಗೆಂದು ಅವರ ಎದುರು ನಿಂತದ್ದು ಇದೇ ಸಮಯದಲ್ಲಿ. ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಹುಡುಗಿ. ಕೆರೆಯ ಮೀನುಗಳ ಮೇಲೆ ಏನಾದರೂ ಮಾಡಬೇಕೆಂದು ಅವಳಿಗೆ ಆಸೆಯಿತ್ತು. ಅವರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿದರು.

“ಕೆರೆ ಮೀನ್ಗೆ ಯಾರಮ್ಮ ಬೆಲೆ ಕೊಡ್ತಾರೆ? ಫಾರಿನ್ ಜರ್ನಲ್‌ನೋರು ಗುಬ್ಬಿ ಎಲ್ಲಿದೆ, ಕುಣಿಗಲ್ ಎಲ್ಲಿದೆ ಅಂತ ಮ್ಯಾಪ್ ಹುಡುಕ್ತಾ ಕೂರ್ತಾರಾ? ಬರ್ಕೋ. ಶೀತಜಲ ಮೀನುಗಳ ಯಕೃತ್ತಿನಲ್ಲಿ ವಿಷಹರಣ ಕಿಣ್ವಗಳು.”

“ಸಾರ್, ಶೀತಜಲ ಮೀನು ತುಮಕೂರಲ್ಲಿ ಎಲ್ಲಿ ಸಿಗತ್ತೆ?”

“ಅದನ್ನೇ ರಿಸರ್ಚ್ ಅನ್ನೋದು,” ಎಂದರು ಅವರು.

ಶಾಹೀನಳ ತಂದೆ ಅಹಮದ್ ಪಾಷಾ ತುಮಕೂರಿನ ಶಿರಾ ಗೇಟಿನಲ್ಲಿ ಫ್ರಿಜ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದವರು. ಮುಂದೆ ಅಂಗಡಿ, ಹಿಂದೆ ಮನೆ. ಫ್ರಿಜ್ಜು ಕೆಟ್ಟರೆ ಅದು ಕೆಟ್ಟಿರುವುದು ಗಿರಾಕಿಯ ತಪ್ಪಿನಿಂದಲೇ ಎಂದು ಮೊದಲು ಸಾಬೀತು ಮಾಡಿ, ಆಮೇಲೆ ಬಾಗಿಲು ತೆಗೆದು ನೋಡುವುದು ಅವರ ಪದ್ಧತಿ. ಮನೆಯ ಮಾತು ಉರ್ದುವಾದರೂ ಕೆಲಸದ ವಿಷಯ ಬಂದರೆ ಅಂಗಡಿಯ ಕನ್ನಡವೇ ಬಾಯಿಗೆ ಬರುತ್ತಿತ್ತು. ಮಗಳು ರಾತ್ರಿ ಊಟದ ಹೊತ್ತಿಗೆ ತನ್ನ ವಿಷಯವನ್ನು ವಿವರಿಸಿದಳು. ವಿಷ ಮೈಯೊಳಗೆ ಬಂದರೆ ಲಿವರಿನಲ್ಲಿರುವ ಎಂಜೈಮು ಅದನ್ನು ಹಿಡಿದು, ಅದಕ್ಕೆ ಇನ್ನೊಂದು ವಸ್ತುವನ್ನು ಗಂಟುಹಾಕಿ, ನೀರಿನಲ್ಲಿ ಕರಗುವ ಹಾಗೆ ಮಾಡಿ ಹೊರಗೆ ಕಳಿಸುತ್ತದೆ.

ಪಾಷಾ ತುತ್ತನ್ನು ಕೈಯಲ್ಲೇ ಹಿಡಿದು ಯೋಚಿಸಿದರು. “ಅಂದ್ರೆ ನಮ್ ಬೀದಿ ಚರಂಡೀಗಿಂತ ಮೀನೇ ವಾಸಿ ಅನ್ನು.”

“ನೀರು ಹದಿಮೂರು ಹದಿನಾಲ್ಕು ಡಿಗ್ರಿ ಇರ್ಬೇಕು ಅಬ್ಬಾ. ಇಲ್ಲಾಂದ್ರೆ ಮೀನು ಸತ್ತೋಗತ್ತೆ.”

“ಇಷ್ಟೇನಾ? ಸೋಡಾ ಬಾಟ್ಲಿ ಇಡೋ ಕೂಲರ್ ಎರಡು ಹಿಂದ್ಗಡೆ ಬಿದ್ದವೆ. ನಾರ್ವೇನ ಶಿರಾ ಗೇಟ್‌ಗೆ ತಂದು ನಿಲ್ಲಿಸ್ತೀನಿ ನೋಡು.”

ನಿಲ್ಲಿಸಿದರು. ಮೇಲಿನಿಂದ ಮುಚ್ಚಳ ತೆಗೆಯುವಂಥ ಎರಡು ಹಳೆಯ ಕೂಲರುಗಳಿಗೆ ಹೊಸ ಕಂಪ್ರೆಸರ್ ಕೂರಿಸಿ, ಗಾಳಿಯ ಗುಳ್ಳೆ ಬಿಡುವ ಮೋಟಾರು ಜೋಡಿಸಿ, ಒಂದಕ್ಕೆ ಕೆಂಪು, ಇನ್ನೊಂದಕ್ಕೆ ನೀಲಿ ಬಣ್ಣ ಬಳಿದರು. ಮೊದಲ ವಾರ ಕೆಂಪು ಕೂಲರಿನ ನೀರೆಲ್ಲ ಗಡ್ಡೆ ಕಟ್ಟಿತು. “ತಣ್ಣಗೆ ಬೇಕು ಅಂದೆ, ತಣ್ಣಗಾಯ್ತಲ್ಲ” ಎಂದು ಪಾಷಾ ಮಗಳ ಮೇಲೇ ರೇಗಿದರು. ಆಗಿನ್ನೂ ಮೀನು ಬಂದಿರಲಿಲ್ಲ, ಪುಣ್ಯ.

ಮೀನು ಬಂದದ್ದು ಊಟಿ ಕಡೆಯಿಂದ. ಲಕ್ಷ್ಮೀನರಸಿಂಹಯ್ಯನವರು ಬಾಡಿಗೆ ಜೀಪಿನ ಮುಂದಿನ ಸೀಟಿನಲ್ಲಿ, ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲಗಳಲ್ಲಿ ಗೇಣುದ್ದದ ಟ್ರೌಟ್ ಮೀನುಗಳು ಹಿಂದಿನ ಸೀಟಿನಲ್ಲಿ. ಘಟ್ಟ ಇಳಿಯುವವರೆಗೆ ಮೀನುಗಳು ಸುಖವಾಗಿದ್ದವು. ಮೈಸೂರು ದಾಟಿದ ಮೇಲೆ ಒಂದೊಂದಾಗಿ ಹೊಟ್ಟೆ ಮೇಲೆ ಮಾಡತೊಡಗಿದವು. ಕುಣಿಗಲ್‌ನಲ್ಲಿ ಸಾಹೇಬರು ಕಾಫಿಗೆ ಜೀಪು ನಿಲ್ಲಿಸಿದರು. ಕಾಫಿ ಬಿಸಿಯಿಲ್ಲವೆಂದು ಹೋಟೆಲಿನವನ ಜೊತೆ ಜಗಳವಾಡಿ, ಮತ್ತೊಂದು ಲೋಟ ತರಿಸಿ ಕುಡಿದು ಬರುವಷ್ಟರಲ್ಲಿ ಬಿಸಿಲಿಗೆ ನಿಂತ ಜೀಪಿನಲ್ಲಿ ಅರ್ಧ ಮೀನು ತೀರಿಹೋಗಿತ್ತು. ಮಿಕ್ಕವು ಪಾಷಾರ ಕೂಲರುಗಳಲ್ಲಿ ಬಿದ್ದು ಜೀವ ಹಿಡಿದವು. ಕೆಂಪು ಕೂಲರಿನ ನೀರಿಗೆ ಶಾಹೀನ್ ದಿನವೂ ಒಂದಿಷ್ಟೇ ಇಷ್ಟು ಕೀಟನಾಶಕ ಹಾಕುತ್ತಿದ್ದಳು. ನೀಲಿ ಕೂಲರಿನದು ಶುದ್ಧ ನೀರು. ವಿಷ ತಿಂದ ಮೀನಿನ ಲಿವರನ್ನು ತಿನ್ನದ ಮೀನಿನ ಲಿವರಿಗೆ ಹೋಲಿಸಿ ನೋಡುವುದು ಲೆಕ್ಕ. ಏನೂ ಹಾಕದ ಆ ನೀಲಿ ಕೂಲರಿನ ಮೀನುಗಳಿಗೆ ಕಂಟ್ರೋಲ್ ಎಂದು ಹೆಸರು.

ಹೀಗೆ ಶಿರಾ ಗೇಟಿನಲ್ಲಿ ಲಾರಿ, ಆಟೋ, ಬಸ್ಸುಗಳ ಹೊಗೆಯ ನಡುವೆ, ಇಡೀ ಜಿಲ್ಲೆಯಲ್ಲಿ ಬೇಸಿಗೆಯ ಸೆಖೆ ತಟ್ಟದ ಜೀವಗಳೆಂದರೆ ಈ ಮೀನುಗಳು ಮಾತ್ರ ಎಂಬಂತಾಯಿತು. ಗಿರಾಕಿಗಳು ಫ್ರಿಜ್ಜು ಬಿಟ್ಟು ಮೀನು ನೋಡಲು ಬಂದರು. ಪಾಷಾ ಅವರಿಗೆಲ್ಲ “ಫಾರಿನ್ ಮೀನು, ಮುಟ್ಬೇಡಿ, ಕೈ ಬಿಸಿಗೇ ಸತ್ತೋಗತ್ತೆ” ಎಂದು ಹೇಳಿ ಹೇಳಿ ಕೊನೆಗೆ ತಾವೇ ಅದನ್ನು ನಂಬಿದರು.

ಎಂಜೈಮು ಎಷ್ಟು ಚುರುಕಾಗಿದೆ ಎಂದು ಅಳೆಯಲು ಸಿಡಿಎನ್‌ಬಿ ಎಂಬ ಹಳದಿ ಪುಡಿ ಬೇಕು. ಲಿವರಿನ ರಸಕ್ಕೆ ಅದನ್ನು ಬೆರೆಸಿದರೆ, ಎಂಜೈಮು ಅದನ್ನೇ ವಿಷವೆಂದುಕೊಂಡು ಗಂಟು ಕಟ್ಟಲು ಶುರುಮಾಡುತ್ತದೆ. ಎಷ್ಟು ಬೇಗ ಕಟ್ಟಿತು ಎಂಬುದನ್ನು ಒಂದು ಯಂತ್ರ ಹೇಳುತ್ತದೆ. ಆ ಪುಡಿ ಚರ್ಮಕ್ಕೆ ತಗುಲಿದರೆ ಒಗ್ಗುವುದಿಲ್ಲ. ಕೈಗವಸು ಬೇಕೆಂದು ಶಾಹೀನ್ ಕೇಳಿದಾಗ, ನಾರ್ವೆಯಲ್ಲಿ ಚಳಿಗೆ ಎಲ್ಲರೂ ಗವಸು ಹಾಕಿಕೊಂಡಿದ್ದರೆಂದೂ ಇಲ್ಲಿ ಅಂಥ ಚಳಿ ಇಲ್ಲವೆಂದೂ ಗುರುಗಳು ತಿಳಿಸಿದರು. ಒಂದು ತಿಂಗಳಲ್ಲಿ ಅವಳ ಎರಡೂ ಅಂಗೈ, ಬೆರಳ ಸಂದಿಗಳೆಲ್ಲ ಕೆಂಪಗೆ ಗಂಧೆ ಎದ್ದು ತುರಿಕೆ ಹತ್ತಿತು. ಮೀನಿನ ಲಿವರಿಗೆ ಇರುವ ಸೌಕರ್ಯ ತನ್ನ ಕೈಗೆ ಇಲ್ಲವಲ್ಲ ಎಂದು ಅವಳು ಕೊಬ್ಬರಿ ಎಣ್ಣೆ ಸವರಿಕೊಳ್ಳುತ್ತ ಕೂತಿರುತ್ತಿದ್ದಳು. ತಾಯಿ ಚಾಂದ್ ಬೀಗೆ ಚಿಂತೆ ಬೇರೆಯೇ.

“ಈ ಕೈಗೆ ಮೆಹಂದಿ ಹಚ್ಚೋದು ಹ್ಯಾಗೇ? ಗಂಡಿನ ಕಡೆಯೋರು ಬಂದ್ರೆ ಏನಂತ ತೋರ್ಸ್ಲಿ?”

ಗಂಡಿನ ಕಡೆಯವರು ಬಂದೇಬಿಟ್ಟರು. ಕುಣಿಗಲ್‌ನ ರೇಷ್ಮೆಗೂಡಿನ ವ್ಯಾಪಾರಿಯ ಮನೆತನ. ಯಾವುದೋ ಕೆಲಸಕ್ಕೆ ತುಮಕೂರಿಗೆ ಬಂದವರು, ಬಂದದ್ದೇ ಬಂದೆವು, ಹುಡುಗಿಯನ್ನೂ ನೋಡಿಬಿಡೋಣ ಎಂದು ಹೇಳದೆ ಕೇಳದೆ ಮಧ್ಯಾಹ್ನದ ಹೊತ್ತಿಗೆ ನುಗ್ಗಿದರು. ಶಾಹೀನ್ ಕಾಲೇಜಿನಲ್ಲಿ. ಪಾಷಾ ಯಾರದೋ ಮನೆಯ ಫ್ರಿಜ್ಜಿನೊಳಗೆ ತಲೆ ತೂರಿಸಿಕೊಂಡಿದ್ದರು. ಆ ಹೊತ್ತಿನಲ್ಲಿ ಒಳ್ಳೆಯ ಮಾಂಸ ಸಿಗುವುದಿಲ್ಲ. ಚಾಂದ್ ಬೀ ಅಡುಗೆಮನೆ ಬಾಗಿಲಲ್ಲಿ ನಿಂತು ಒಂದು ಕ್ಷಣ ಯೋಚಿಸಿ, ಹಿಂದುಗಡೆಗೆ ಹೋಗಿ, ಕೂಲರಿನ ಮುಚ್ಚಳ ತೆಗೆದರು.

ಶಾಹೀನ್ ಬಾಗಿಲಿಗೆ ಬಂದಾಗ ಮನೆ ತುಂಬ ಮೀನು ಹುರಿದ ವಾಸನೆ. ನಡುಮನೆಯಲ್ಲಿ ನೆಲಕ್ಕೆ ಊಟದ ದಸ್ತರ್‌ಖಾನ್ ಹಾಸಿದೆ. ಯಾಸಿರ್ ಎಂಬ ವರ ತಲೆ ತಗ್ಗಿಸಿ, ಅವನ ಚಿಕ್ಕಪ್ಪ ತಲೆ ಎತ್ತಿ, ಊಟ ಮಾಡುತ್ತಿದ್ದಾರೆ. ಚಿಕ್ಕಪ್ಪನ ತಟ್ಟೆಯ ಪಕ್ಕ ಮುಳ್ಳಿನ ರಾಶಿ.

ಅವಳು ತಾಯಿಯನ್ನು ಪಕ್ಕಕ್ಕೆ ಎಳೆದಳು. “ಅಮ್ಮೀ, ಯಾವ ಕೂಲರ್‌ದು?”

“ಯಾವ್ದಾದ್ರೇನು? ಎರಡೂ ಮನೇದೇ ಅಲ್ವಾ?”

“ಕೆಂಪುದೋ ನೀಲೀದೋ?”

“ಗಡಿಬಿಡೀಲಿ ಬಣ್ಣ ಯಾರು ನೋಡ್ತಾರೆ? ದೊಡ್ಡ ಮೀನು ಯಾವ್ದ್ರಲ್ಲಿತ್ತೋ ಅದ್ರಿಂದ ತೆಗ್ದೆ.”

ಶಾಹೀನ್ ಚಪ್ಪಲಿಯನ್ನೂ ಬಿಡದೆ ಹಿಂದುಗಡೆಗೆ ಓಡಿದಳು. ಕೆಂಪು ಕೂಲರಿನ ಮುಚ್ಚಳ ಎತ್ತಿದಳು. ಎಲ್ಲ ಮೀನೂ ಇದ್ದವು. ನೀಲಿಯದರಲ್ಲಿ ಗಾಳಿಗುಳ್ಳೆ ಮಾತ್ರ. ಅವಳಿಗೆ ಆದ ಸಮಾಧಾನ ಎಷ್ಟೆಂದರೆ, ಗೋಡೆಗೆ ಒರಗಿ ಜೋರಾಗಿಯೇ ಕೂಗಿದಳು: “ಅಲ್ಹಮ್‌ದುಲಿಲ್ಲಾ! ವಿಷದ ಮೀನಲ್ಲ ಅಮ್ಮೀ! ವಿಷದ್ದು ಇಲ್ಲೇ ಇದೆ!”

ನಡುಮನೆಯಲ್ಲಿ ಅದು ಸ್ಪಷ್ಟವಾಗಿ ಕೇಳಿಸಿತು. ಚಿಕ್ಕಪ್ಪ ಬಾಯಲ್ಲಿದ್ದ ತುತ್ತನ್ನು ತಟ್ಟೆಗೆ ಬಿಟ್ಟು ಎದ್ದರು. ‘ವಿಷದ ಮೀನಲ್ಲ’ ಎಂಬ ಮಾತಿನಲ್ಲಿ ‘ಅಲ್ಲ’ ಎಂಬುದನ್ನು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ಅವರಿರಲಿಲ್ಲ. ಬಚ್ಚಲಿನಲ್ಲಿ ಅವರು ಕಕ್ಕುವ ಶಬ್ದ ಶಿರಾ ಗೇಟಿನ ಹಾರನ್ನುಗಳನ್ನೂ ಮೀರಿಸಿತು. ಅವರನ್ನು ನೋಡಿ ಜೊತೆಗೆ ಬಂದಿದ್ದ ಇನ್ನಿಬ್ಬರು ಕಕ್ಕಿದರು. ಶಾಹೀನ್ ಬಂದು ಕಂಟ್ರೋಲ್ ಗುಂಪು ಎಂದರೇನು, ಅದು ಏಕೆ ನಿರಪಾಯಕಾರಿ ಎಂದು ತುರಿಕೆ ಹತ್ತಿದ ಕೈಯಾಡಿಸುತ್ತ ವಿವರಿಸತೊಡಗಿದಳು. ಎಲ್ಲರೂ ಆ ಕೈಯನ್ನೇ ನೋಡಿದರು. ಸಂಬಂಧ ಅಲ್ಲಿಗೆ ಮುಗಿಯಿತು. ಕುಣಿಗಲ್‌ನಲ್ಲಿ ಆ ಕಥೆ ಬೆಳೆಯುತ್ತ ಹೋಗಿ, ತುಮಕೂರಿನ ಒಂದು ಮನೆಯಲ್ಲಿ ವರನಿಗೆ ವಿಷ ಹಾಕಿ ಪರೀಕ್ಷೆ ಮಾಡುತ್ತಾರೆ ಎಂಬಲ್ಲಿಗೆ ಬಂದು ನಿಂತಿತು.

ಮಾರನೆಯ ದಿನ ಗುರುಗಳ ಮುಂದೆ ನಿಂತಾಗ ಅವಳಿಗೆ ಅಳು ಒತ್ತಿ ಬರುತ್ತಿತ್ತು.

“ಕಂಟ್ರೋಲ್ ಗ್ರೂಪ್ ಏನಾಯ್ತಮ್ಮ?”

“ಊಟಕ್ಕಾಯ್ತು ಸಾರ್.”

ಲಕ್ಷ್ಮೀನರಸಿಂಹಯ್ಯನವರು ಬೈಯಲಿಲ್ಲ. ಅವರದು ವಿಶಾಲ ಹೃದಯ. “ಇರ್ಲಿ ಬಿಡು. ಕಂಟ್ರೋಲ್ ಅಂದ್ರೇನು? ಏನೂ ಮಾಡದೇ ಇಟ್ಟ ಮೀನು. ಏನೂ ಮಾಡದೇ ಇದ್ದಿದ್ದನ್ನ ಬರ್ಕೊಳ್ಳೋಕೆ ಮೀನ್ ಯಾಕ್ ಬೇಕು? ಯಾರ್ದಾದ್ರೂ ಪೇಪರ್ ನೋಡು, ಅದ್ರಲ್ಲಿರೋ ನಂಬರ್‌ನ ಸ್ವಲ್ಪ ಆಚೆ ಈಚೆ ಮಾಡಿ ಹಾಕ್ಕೋ.”

ಶಾಹೀನ್ ಅದುವರೆಗೆ ಗುರುಗಳಿಗೆ ಎದುರಾಡಿದವಳಲ್ಲ. “ಆಗಲ್ಲ ಸಾರ್,” ಎಂದಳು. “ನಂಗೆ ಮೀನೇ ಬೇಕು.”

“ನಿಮ್ಮನೇಲಿ ತಿನ್ನೋಕಾ?”

ಅವಳು ಹೊರಗೆ ಬಂದಳು. ಅಂದು ಸಂಜೆ ಪಿಎಚ್‌ಡಿ ಬಿಟ್ಟು ಬಿಎಡ್ ಮಾಡುವ ಯೋಚನೆ ಬಂತು. ಬಿಎಡ್ಡಿನಲ್ಲಿ ಯಾವ ಪ್ರಾಣಿಯನ್ನೂ ತಣ್ಣಗೆ ಇಡಬೇಕಾಗಿಲ್ಲ.

ಉಳಿದ ಮೀನುಗಳ ಸಮಸ್ಯೆಯನ್ನು ಕರೆಂಟು ಬಗೆಹರಿಸಿತು. ಆ ವರ್ಷ ಮಳೆ ತಡವಾಗಿ, ಲೋಡ್ ಶೆಡ್ಡಿಂಗ್ ಬೇಗ ಬಂತು. ಒಂದು ಮಧ್ಯಾಹ್ನ ಹೋದ ಕರೆಂಟು ಸಂಜೆಗೂ ಬರಲಿಲ್ಲ. ಪಾಷಾ ಐಸ್ ಕ್ಯಾಂಡಿ ಮಾರುವವನನ್ನು ತಡೆದು ಅವನ ಡಬ್ಬಿಯ ಐಸನ್ನೆಲ್ಲ ಕೂಲರಿಗೆ ಸುರಿದರು. ನಾಲ್ಕಾರು ಕ್ಯಾಂಡಿಗಳೂ ಜೊತೆಗೆ ಬಿದ್ದವು. ಕಿತ್ತಳೆ ಬಣ್ಣದ ಸಿಹಿನೀರಿನಲ್ಲಿ ಟ್ರೌಟ್ ಮೀನುಗಳು ಒಂದೊಂದಾಗಿ ಅಡ್ಡ ಮಲಗಿದವು. ಇನ್ನೊಮ್ಮೆ ಮೀನು ಕಳಿಸಿ ಎಂದು ಕೇಳಿದ್ದಕ್ಕೆ ಊಟಿ ಕಡೆಯಿಂದ ಉತ್ತರವೇ ಬರಲಿಲ್ಲ.

ಆಗ ಗುರುಗಳಿಗೆ ಒಂದು ಉಪಾಯ ಹೊಳೆಯಿತು. ಗೆಂಡೆ ಮೀನು ಇದೆಯಲ್ಲ, ಅದು ಊಟಿಯ ಕೆರೆಯಲ್ಲೂ ಬದುಕುತ್ತದೆ, ಗುಬ್ಬಿಯ ಕೆರೆಯಲ್ಲೂ ಬದುಕುತ್ತದೆ. ಬೆಟ್ಟದ ಸೀಮೆಯಲ್ಲಿ ಅದನ್ನು ತಣ್ಣೀರು ಮೀನಿನ ಪಟ್ಟಿಗೇ ಸೇರಿಸುತ್ತಾರೆ.

“ಅಂದ್ರೆ ಅದು ಮೂಲತಃ ಶೀತಜಲ ಮೀನು. ಸದ್ಯಕ್ಕೆ ಇಲ್ಲಿಗೆ ಡೆಪ್ಯುಟೇಷನ್ ಮೇಲೆ ಬಂದಿದೆ,” ಎಂದರು. “ಟೈಟಲ್ ಮುಟ್ಟೋ ಹಾಗಿಲ್ಲ. ಮೀನ್ ಬದಲಾಯ್ಸು.”

ಹೀಗೆ ನಾರ್ವೆ ಸುತ್ತಿ ಊಟಿ ಸುತ್ತಿ, ಶಾಹೀನ್ ತಾನು ಮೊದಲು ಕೇಳಿದ್ದ ಕೆರೆಯ ಮೀನಿಗೇ ಬಂದು ನಿಂತಳು. ಒಂದಷ್ಟು ಗೆಂಡೆ ಕುಣಿಗಲ್ ಕೆರೆಯಿಂದ ಬಂದವು. ಒಂದಷ್ಟನ್ನು ಚೇಳೂರಿನ ಆಚೆಯ ಒಂದು ಕೆರೆಯಿಂದ ತಂದಳು. ಆ ಕೆರೆಯ ಮೀನಿನ ಗುತ್ತಿಗೆ ಅಂಜಿನಪ್ಪ ಎಂಬವನದು. ಶಿರಾ ಗೇಟಿನಲ್ಲೇ ಅವನದೊಂದು ಮೀನಿನ ಅಂಗಡಿಯಿತ್ತು. ಅಲ್ಲಿ ಕೂತು ಮೀನು ಕೊಯ್ದು ಮಾರುವವಳು ಚಿಕ್ಕಮಾರಮ್ಮ.

ಕೂಲರಿನಲ್ಲಿ ಇಟ್ಟ ಗೆಂಡೆ ಸಾಯಲಿಲ್ಲ, ಮಂಕಾಯಿತು ಅಷ್ಟೆ. ತಣ್ಣೀರಿನಲ್ಲಿ ಅದರ ಎಂಜೈಮೂ ಮಂಕಾಗುತ್ತದೆ, ಅದೇ ವಿಷ ಮೈಯಿಂದ ಹೊರಗೆ ಹೋಗಲು ಹೆಚ್ಚು ಕಾಲ ಹಿಡಿಯುತ್ತದೆ ಎಂಬುದು ಅಳತೆಗೆ ಸಿಕ್ಕಿತು. ಎರಡು ವರ್ಷದಲ್ಲಿ ಮೊದಲ ಬಾರಿಗೆ ಶಾಹೀನಳಿಗೆ ತನ್ನ ಕೆಲಸದಲ್ಲಿ ಏನೋ ಇದೆ ಅನ್ನಿಸಿತು. ಆದರೆ ಚೇಳೂರಿನ ಮೀನು ತೊಂದರೆ ಕೊಟ್ಟಿತು. ಇನ್ನೂ ವಿಷವನ್ನೇ ತೋರಿಸದ ಆ ಮೀನಿನ ಲಿವರಿನಲ್ಲಿ ಎಂಜೈಮು ಮೂರು ಪಟ್ಟು. ಕುಣಿಗಲ್ ಮೀನಿನಲ್ಲಿ ವಿಷ ಕುಡಿದ ಮೇಲೂ ಅದು ಅಷ್ಟು ಏರಿರಲಿಲ್ಲ. ಯಂತ್ರ ಕೆಟ್ಟಿತೇನೋ ಎಂದು ಮತ್ತೊಮ್ಮೆ ಅಳೆದು ನೋಡಿದಳು. ಬೇರೆ ಮೀನು ತರಿಸಿ ನೋಡಿದಳು. ಅದೇ.

ಗುರುಗಳು ಅಂಕಿಗಳನ್ನು ನೋಡಿ ತೀರ್ಪು ಕೊಟ್ಟರು: “ಮೀನು ತಪ್ಪಾಗಿದೆ. ಬಿಸಾಕು.”

ಅವಳು ಬಿಸಾಕದೆ ಬಸ್ಸು ಹತ್ತಿದಳು. ಗುಬ್ಬಿಯಲ್ಲಿ ಇಳಿದು ಚೇಳೂರಿನ ಬಸ್ಸು ಹಿಡಿದು, ಅಲ್ಲಿಂದ ನಡೆದು ಏರಿಯ ಮೇಲೆ ನಿಂತಾಗ ಬೆಳಗಿನ ಹತ್ತು ಗಂಟೆ. ಕೆರೆ ನೋಡಲು ಚೆಂದವಾಗಿಯೇ ಇತ್ತು. ಆಚೆ ದಡದಲ್ಲಿ ಟೊಮೇಟೊ, ಬದನೆ ತೋಟಗಳು. ಸೋಪಾನದ ಕಲ್ಲಿನ ಮೇಲೆ ಒಬ್ಬ ಲುಂಗಿ ಎತ್ತಿ ಕಟ್ಟಿಕೊಂಡು, ಬೆನ್ನಿಗೆ ಹಾಕಿಕೊಳ್ಳುವ ಔಷಧಿ ಕ್ಯಾನನ್ನು ಕೆರೆಯಲ್ಲಿ ಮುಳುಗಿಸಿ ಮುಳುಗಿಸಿ ತೊಳೆಯುತ್ತಿದ್ದ. ನೀರಿನ ಮೇಲೆ ಹಾಲಿನಂಥ ಬಿಳಿ ಹರಡಿತು. ಕೀಟನಾಶಕಕ್ಕೆ ‘ಔಷಧಿ’ ಎಂದು ಹೆಸರಿಟ್ಟವರು ಯಾರೋ, ಅದನ್ನು ನೀರಿಗೆ ಬೆರೆಸಲು ಯಾರಿಗೂ ಕೈ ನಡುಗುವುದಿಲ್ಲ. ಅವನು ತಲೆ ಎತ್ತಿದ. ಅಂಜಿನಪ್ಪನೇ. ಅವನದೂ ಅಲ್ಲೊಂದು ಟೊಮೇಟೊ ತೋಟವಿತ್ತು.

“ಅರೆ, ಪಾಷಾ ಸಾಬ್ರ ಮಗ್ಳು! ಏನ್ ಮೇಡಂ, ಇಲ್ಲೀಗಂಟ?”

“ಅಂಜಿನಪ್ಪಣ್ಣ, ಈ ಕ್ಯಾನು ಇಲ್ಲೇ ತೊಳೀತೀರಾ?”

“ಎಲ್ರೂ ಇಲ್ಲೇ ತೊಳ್ಯೋದು. ನೀರು ಇಲ್ಲೇ ಅಲ್ವಾ ಇರೋದು?”

ಶಾಹೀನ್ ಕಲ್ಲಿನ ಮೇಲೆ ಕೂತು, ತನಗೆ ಬರುವ ಅತಿ ಸರಳ ಕನ್ನಡದಲ್ಲಿ ಹೇಳಿದಳು. ಮೀನಿನ ಲಿವರಿನಲ್ಲಿ ವಿಷ ತೆಗೆಯುವ ಎಂಜೈಮು ಅಂತ ಒಂದಿದೆ. ಬೇರೆ ಕೆರೆಯ ಮೀನಿಗಿಂತ ನಿಮ್ಮ ಮೀನಿನಲ್ಲಿ ಅದು ಮೂರು ಪಟ್ಟು ಇದೆ.

ಅಂಜಿನಪ್ಪನ ಮುಖ ಅರಳಿತು. “ಮೂರು ಪಟ್ಟಾ?”

“ಹೌದು, ಅಂದ್ರೆ—”

“ನಮ್ ಮೀನಿನ ಲಿವರ್ರು ಕುಣಿಗಲ್ ಮೀನಿನ್‌ಕಿಂತ ಮೂರು ಪಟ್ಟು ಸ್ಟ್ರಾಂಗು!”

“ಸ್ಟ್ರಾಂಗ್ ಅಲ್ಲ ಅಣ್ಣ. ಅದು ದಿನಾ ವಿಷ ಕುಡೀತಾ ಇದೆ, ಅದಕ್ಕೆ—”

“ದಿನಾ ವಿಷ ಕುಡುದ್ರೂ ಬದುಕ್ಯದೆ ಅಂದ್ರೆ ಇನ್ನೇನ್ ಮೇಡಂ ಸ್ಟ್ರಾಂಗು ಅಂದ್ರೆ? ಓದಿರೋರ ಬಾಯಲ್ಲಿ ಬಂತಲ್ಲ, ಸಾಕು ಬುಡಿ.”

ವಾರ ಕಳೆಯುವುದರೊಳಗೆ ಶಿರಾ ಗೇಟಿನ ಮೀನಿನ ಅಂಗಡಿಯ ಮುಂದೆ ಹೊಸ ತಗಡಿನ ಬೋರ್ಡು ಬಂತು. ‘ಇಲ್ಲಿ ಚೇಳೂರಿನ ಸ್ಟ್ರಾಂಗ್ ಲಿವರ್ ಮೀನು ಸಿಗುತ್ತದೆ. ಕಾಲೇಜಿನ ಮೇಡಂರಿಂದ ಟೆಸ್ಟ್ ಆಗಿದೆ.’ ಪಕ್ಕದಲ್ಲಿ ಮೀನಿನ ಚಿತ್ರ, ಅದಕ್ಕೆ ಮೀಸೆ. ಶಾಹೀನಳ ಸಂಶೋಧನೆ ಪ್ರಕಟವಾದದ್ದು ಮೊದಲು ಇಲ್ಲಿಯೇ. ಯಾವ ಫಾರಿನ್ ಜರ್ನಲ್ಲಿಗೂ ಅಷ್ಟು ಓದುಗರಿರಲಿಕ್ಕಿಲ್ಲ.

ಇದು ನಗುವ ವಿಷಯವಾಗಿಯೇ ಉಳಿಯುತ್ತಿತ್ತೇನೋ. ಆದರೆ ಸ್ಟ್ರಾಂಗ್ ಲಿವರು ತಿಂದರೆ ತಮ್ಮ ಲಿವರೂ ಸ್ಟ್ರಾಂಗ್ ಆಗುತ್ತದೆ ಎಂದು ಯಾರಿಗೋ ಹೊಳೆಯಿತು. ಜಾಂಡೀಸ್ ಆದವರ ಮನೆಯವರು ಬೆಳಿಗ್ಗೆಯೇ ಬಂದು, ಮೀನು ಯಾರಿಗಾದರೂ ಕೊಡು, ಲಿವರ್ ನಮಗೆ ಕೊಡು ಎಂದು ಸಾಲು ನಿಲ್ಲತೊಡಗಿದರು. ಯಾವ ಅಂಗ ದಿನವೂ ವಿಷ ಬಳಿದು ತೆಗೆಯುತ್ತಿತ್ತೋ ಅದೇ ಅಂಗವನ್ನು ಕಾಯಿಲೆಯವರ ಬಾಯಿಗೆ! ಆ ಸಾಲು ನೋಡಿದ ಶಾಹೀನ್ ಅಲ್ಲಿಗೇ ಓಡಿದಳು. ಅಂಗಡಿಯ ಮುಂದೆ ನಿಂತು ಹೇಳಿದಳು, ಕೂಗಿದಳು. “ಲಿವರ್ ತಿನ್ಬೇಡಿ. ವಿಷ ಎಲ್ಲ ಅದ್ರಲ್ಲೇ ಇರತ್ತೆ. ಟೆಸ್ಟ್ ಮಾಡಿರೋ ಮೇಡಂ ನಾನೇ.”

ಸಾಲಿನಲ್ಲಿದ್ದ ಮಹಾಲಿಂಗಯ್ಯ ಎಂಬ ಮುದುಕರು ಅವಳ ಕೆಂಪಾದ ಕೈಗಳನ್ನು ನೋಡಿದರು. “ನೀನೂ ಒಂದೆರಡು ತಿನ್ನಮ್ಮ. ಮೈ ಸರ್ಯೋಯ್ತದೆ,” ಎಂದರು.

ಕೊನೆಗೆ ಕೈಗೆ ಸಿಕ್ಕವಳು ಚಿಕ್ಕಮಾರಮ್ಮ. ಕೊಯ್ಯುವುದು ಅವಳೇ ಅಲ್ಲವೇ? ಶಾಹೀನ್ ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತು ಗೋಗರೆದಳು.

“ಧಣಿ ಏನಂತಾರೋ ಕಣವ್ವ,” ಎಂದಳು ಚಿಕ್ಕಮಾರಮ್ಮ.

“ನಿಮ್ ಮನೇಲಿ ಕಾಯ್ಲೆಯೋರಿದ್ರೆ ಕೊಡ್ತಿದ್ರಾ?”

ಚಿಕ್ಕಮಾರಮ್ಮ ಇನ್ನೊಂದು ಮೀನು ಎತ್ತಿಕೊಂಡು ಕೊಯ್ಯತೊಡಗಿದಳು. ಆದರೆ ಅಂದಿನಿಂದ ಲಿವರು ಕೇಳಿದವರಿಗೆ ಎಲೆಯಲ್ಲಿ ಕಟ್ಟಿ ಕೊಡುತ್ತಿದ್ದುದು ಮೀನಿನ ಮೊಟ್ಟೆ. ಯಾರಿಗೂ ವ್ಯತ್ಯಾಸ ಗೊತ್ತಾಗಲಿಲ್ಲ. ಕೆಲವರು ಗುಣವಾಗಿದೆ ಎಂದು ಹೇಳಿಕೊಂಡೂ ಹೋದರು.

ಜೂನ್‌ನಲ್ಲಿ ಮೊದಲ ದೊಡ್ಡ ಮಳೆ ಬಂತು. ತೋಟಗಳ ನೀರೆಲ್ಲ ಹರಿದು ಕೆರೆಗೆ ಬಿತ್ತು. ಬೆಳಗಾಗುವಷ್ಟರಲ್ಲಿ ಅಂಜಿನಪ್ಪನ ಸ್ಟ್ರಾಂಗ್ ಲಿವರ್ ಮೀನುಗಳು ಏರಿಯುದ್ದಕ್ಕೂ ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಅವನು ನೆನೆದ ಬಟ್ಟೆಯಲ್ಲೇ ಪಾಷಾರ ಅಂಗಡಿಗೆ ಓಡಿ ಬಂದ.

“ಮೇಡಂ! ಸ್ಟ್ರಾಂಗು ಅಂದ್ರಿ!”

“ನಾನು ಅನ್ಲಿಲ್ಲ. ನೀವಂದ್ರಿ.”

ಅವನು ಬಾಗಿಲ ಹತ್ತಿರವೇ ಕುಸಿದು ಕೂತ. ಅವಳಿಗೆ ಅವನ ಮೇಲಿದ್ದ ಸಿಟ್ಟು ಅರ್ಧ ಇಳಿಯಿತು. “ನೋಡಿ ಅಂಜಿನಪ್ಪಣ್ಣ. ಒಬ್ಬ ಆಳು ಮೂರಾಳಿನ ಮೂಟೆ ಹೊತ್ಕೊಂಡು ನಿಂತಿದ್ದ. ಅವನ ಮೇಲೆ ಇನ್ನೊಂದು ಮೂಟೆ ಹಾಕಿದ್ರಿ. ಬಿದ್ದ. ಅಷ್ಟೇ ಆಗಿದ್ದು. ಇನ್ನೂ ಮಿಕ್ಕಿರೋ ಮೀನು ಉಳೀಬೇಕು ಅಂದ್ರೆ ಕ್ಯಾನು ತೊಳ್ಯೋದು ನಿಲ್ಲಿಸಿ.”

“ನಾನ್ ನಿಲ್ಲುಸ್ಬೋದು. ಊರೋರು ನಿಲ್ಲುಸ್ತಾರಾ?”

ಅದಕ್ಕೆ ದಾರಿ ಅವನೇ ಕಂಡುಕೊಂಡ. ಕೆರೆಯಿಂದ ದೂರದ ಬಂಜರಿನಲ್ಲಿ ಸಿಮೆಂಟಿನ ತೊಟ್ಟಿ ಕಟ್ಟಿಸಿ, ಪೈಪಿನಲ್ಲಿ ನೀರು ಬಿಟ್ಟು, ಕ್ಯಾನು ತೊಳೆಯುವವರು ಅಲ್ಲೇ ತೊಳೆಯಬೇಕೆಂದ. ಜನರ ಆರೋಗ್ಯ, ಕುಡಿಯುವ ನೀರು ಎಂದೆಲ್ಲ ಹೇಳಿದ್ದರೆ ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಅಂಜಿನಪ್ಪ ಅಂಥ ತಪ್ಪು ಮಾಡಲಿಲ್ಲ. ಸೋಪಾನದ ಮೇಲೆ ಅವನೂ ಅವನ ಭಾವಮೈದನೂ ದೊಣ್ಣೆ ಹಿಡಿದು ಕೂತರು. ತೊಟ್ಟಿ ಬಹು ಬೇಗ ಜನಪ್ರಿಯವಾಯಿತು.

ವರ್ಷ ಕಳೆದ ಮೇಲೆ ಶಾಹೀನ್ ಮತ್ತೆ ಅಲ್ಲಿಯ ಗೆಂಡೆ ತಂದು ನೋಡಿದಳು. ಎಂಜೈಮು ಇಳಿದಿತ್ತು. ಕುಣಿಗಲ್ ಮೀನಿನ ಮಟ್ಟಕ್ಕೆ, ಹೆಚ್ಚುಕಡಿಮೆ. ಅವಳು ಸಂತೋಷ ತಾಳಲಾರದೆ ಲ್ಯಾಬಿನಿಂದ ನೇರ ಮೀನಿನ ಅಂಗಡಿಗೆ ನಡೆದು ಸುದ್ದಿ ಹೇಳಿದಳು. ಅಂಜಿನಪ್ಪನ ಮುಖ ಕಪ್ಪಿಟ್ಟಿತು.

“ಇಳ್ದೋಯ್ತಾ?”

“ಹೌದಣ್ಣ! ಪೂರ್ತಿ ಇಳ್ದಿದೆ!”

“ಮೂರು ಪಟ್ಟು ಇದ್ದಿದ್ದು ಒಂದು ಪಟ್ಟಿಗೆ ಬಂದದೆ, ಅದುನ್ನ ನಗ್ತಾ ನಗ್ತಾ ಯೋಳ್ತೀರಲ್ಲ ಮೇಡಂ? ನಿಮ್ ಮಾತ್ ಕೇಳಿ ತೊಟ್ಟಿ ಕಟ್ಟುಸ್ದೆ. ನಮ್ ಮೀನಿನ ಪವರ್ರೇ ತೆಗ್ದುಬುಟ್ರಲ್ಲ!”

ಗಿರಾಕಿಗಳು ತಿರುಗಿ ನೋಡಿದರು. ಅವನ ದನಿ ಏರಿತು. ತೊಟ್ಟಿ ಒಡೆಸಿಹಾಕುತ್ತೇನೆ ಎಂದ. ಇವನಿಗೆ ಲಿವರಿನ ಭಾಷೆಯಲ್ಲಿ ಹೇಳಿ ಉಪಯೋಗವಿಲ್ಲ ಎಂದು ಆ ಗಳಿಗೆಯಲ್ಲಿ ಶಾಹೀನಳಿಗೆ ಹೊಳೆಯಿತು. ಬುಟ್ಟಿಯಿಂದ ಒಂದು ಗೆಂಡೆ ಎತ್ತಿ ಚಿಕ್ಕಮಾರಮ್ಮನ ತಕ್ಕಡಿಗೆ ಹಾಕಿದಳು.

“ಚಿಕ್ಕಮಾರಮ್ಮ, ಹೋದ್ ವರ್ಷ ಇದೇ ವಯಸ್ಸಿನ ಮೀನು ಇಷ್ಟು ತೂಗ್ತಿತ್ತಾ?”

ಚಿಕ್ಕಮಾರಮ್ಮ ತಕ್ಕಡಿ ನೋಡಿದಳು. “ಎಲ್ಲೀದವ್ವ. ಬಡಕ್ಲು ಮೀನು. ಈ ಸತಿ ಮೈಕೈ ತುಂಬ್ಕಂಡವೆ.”

“ಯಾಕಂದ್ರೆ ಅಣ್ಣ, ಆಗ ತಿಂದಿದ್ದೆಲ್ಲ ವಿಷ ತೊಳ್ಯೋ ಕೆಲ್ಸಕ್ಕೇ ಖರ್ಚಾಗ್ತಿತ್ತು. ಈಗ ತಿಂದಿದ್ದು ಮೈಗೆ ಹತ್ತತ್ತೆ.”

ಅಂಜಿನಪ್ಪ ಬಗ್ಗಿ ತಕ್ಕಡಿಯ ಮುಳ್ಳನ್ನು ನೋಡಿದ. ಇನ್ನೊಂದು ಮೀನು ಹಾಕಿ ನೋಡಿದ. ಬೆರಳಲ್ಲಿ ಒತ್ತಿ ನೋಡಿದ. ಆಮೇಲೆ ಬೋರ್ಡನ್ನು ಕಿತ್ತು ಅಂಗಡಿಯ ಸೋರುವ ಸೂರಿಗೆ ಹೊದಿಸಿದ, ಮೀಸೆಯ ಮೀನು ಆಕಾಶ ನೋಡುವಂತೆ.

ಎರಡು ಸಾವಿರದ ಎರಡರಲ್ಲಿ ಶಾಹೀನಳಿಗೆ ಡಾಕ್ಟರೇಟ್ ಬಂತು. ಮೌಖಿಕ ಪರೀಕ್ಷೆಗೆ ಬಂದ ಪರೀಕ್ಷಕರು ಚೇಳೂರಿನ ಕೆರೆಯ ಅಧ್ಯಾಯವೇ ಇಡೀ ಪ್ರಬಂಧದ ಜೀವಾಳ ಎಂದರು. ಲಕ್ಷ್ಮೀನರಸಿಂಹಯ್ಯನವರು ಎದೆಯುಬ್ಬಿಸಿ, “ಲೋಕಲ್ ಮೀನುಗಳ ಬಗ್ಗೆ ನಮ್ಮ ವಿಭಾಗಕ್ಕೆ ಮೊದಲಿನಿಂದಲೂ ವಿಶೇಷ ಕಾಳಜಿ” ಎಂದರು. ಅವಳು ಲಕ್ಷಣವಾಗಿ ತಲೆಯಾಡಿಸಿದಳು. ಹಳದಿ ಪುಡಿ ಬಿಟ್ಟ ಮೇಲೆ ಕೈ ವಾಸಿಯಾಯಿತು. ಮರುವರ್ಷ ಮೆಹಂದಿಯೂ ಹತ್ತಿತು. ಗಂಡ ಶಾಬಾಜ್ ಗುಬ್ಬಿಯಲ್ಲಿ ಮೇಷ್ಟ್ರು, ಒಳ್ಳೆಯ ಮನುಷ್ಯ, ಮೀನು ಮುಟ್ಟುವುದಿಲ್ಲ. ನಿಖಾಹ್‌ಗೆ ಮುಂಚೆ ಚಾಂದ್ ಬೀ ಈ ಅಂಶವನ್ನು ಎರಡೆರಡು ಸಲ ವಿಚಾರಿಸಿ ಖಚಿತಪಡಿಸಿಕೊಂಡರು.

ಗುಬ್ಬಿಯ ಒಂದು ಕಾಲೇಜಿನಲ್ಲಿ ಅವಳಿಗೆ ಕೆಲಸ ಸಿಕ್ಕಿತು. ಮೀನಿನ ವಾಸನೆ ಬರುತ್ತದೆಂದು ಆಡಳಿತದವರು ಅವಳ ಲ್ಯಾಬಿಗೆ ಸೈಕಲ್ ಸ್ಟ್ಯಾಂಡಿನ ಪಕ್ಕದ ಕೋಣೆ ಕೊಟ್ಟರು. ಅದು ಅನುಕೂಲವೇ ಆಯಿತು. ಅಂಜಿನಪ್ಪನ ಬಾಯಿಂದ ತೂಕದ ಸುದ್ದಿ ಕೇಳಿದ ಬೇರೆ ಕೆರೆಗಳ ಗುತ್ತಿಗೆದಾರರು ಬಕೆಟ್ಟಿನಲ್ಲಿ ಜೀವಂತ ಗೆಂಡೆ ಹಿಡಿದುಕೊಂಡು, ಪ್ರಿನ್ಸಿಪಾಲರ ಕಣ್ಣಿಗೆ ಬೀಳದೆ ನೇರ ಅಲ್ಲಿಗೇ ಬರುತ್ತಿದ್ದರು. ಬಂದವರೆಲ್ಲ ಒಂದೇ ರೀತಿ ಬಾಯಿ ತೆಗೆಯುತ್ತಿದ್ದರು: “ನಮ್ ಕೆರೇಲಿ ಏನೂ ತೊಂದ್ರೆ ಇಲ್ಲ ಮೇಡಂ. ಸುಮ್ನೆ ನೋಡಿ.”

ಎರಡು ಸಾವಿರದ ಐದರ ಮಳೆಗಾಲದ ಮುಂಚೆ ಸಿ.ಎಸ್. ಪುರದ ಕಡೆಯವನೊಬ್ಬ ಹೀಗೆ ಸುಮ್ಮನೆ ನೋಡಲು ಕೊಟ್ಟುಹೋದ ಮೀನಿನಲ್ಲಿ ಯಂತ್ರದ ಮುಳ್ಳು ಏರಿತು. ಶಾಹೀನ್ ಕೈಗವಸು ಬಿಚ್ಚಿ, ಸೋಪು ಹಾಕಿ ಕೈ ತೊಳೆದುಕೊಂಡು, ಮಧ್ಯಾಹ್ನದ ಕ್ಲಾಸನ್ನು ನಾಳೆಗೆ ಹಾಕಿ, ಆ ಕೆರೆ ನೋಡಲು ಬಸ್‌ಸ್ಟ್ಯಾಂಡಿಗೆ ಹೊರಟಳು. ಕ್ಲಾಸು ತಪ್ಪಿದ್ದಕ್ಕೆ ಹುಡುಗಿಯರು ಚಪ್ಪಾಳೆ ತಟ್ಟಿದರು.